ಕೊಟ್ಟಿಗೆಹಾರದ ಕುಣಿಯುವ ಕಪ್ಪೆ ಮತ್ತು ಅದರ ಹಳ್ಳ

ಮೂಡಿಗೆರೆಯಿಂದ ಪಶ್ಚಿಮಕ್ಕೆ ಸಾಗುವ ಹೆದ್ದಾರಿ ಚಾರ್ಮಾಡಿ ಘಾಟಿಯ ಇಳಿಜಾರು ಹಿಡಿಯುವ ಮೊದಲು ಸಿಗುವ ಸಣ್ಣ ಊರು ಕೊಟ್ಟಿಗೆಹಾರ. ಕಳಸ, ಹೊರನಾಡುಗಳ ದಾರಿ ಕವಲೊಡೆಯುವ ಸ್ಥಳವೆಂದು ಪ್ರಯಾಣಿಕರಿಗೂ, ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವಿರುವ ಊರೆಂದು ಕನ್ನಡದ ಓದುಗರಿಗೂ ಪರಿಚಿತವಾದ ಈ ಊರಿನ ಹೆಸರು 1937ರಿಂದ ಪ್ರಾಣಿಶಾಸ್ತ್ರದ ಗ್ರಂಥಗಳಲ್ಲಿಯೂ ಸೇರಿಕೊಂಡಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ, 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಆಗಿದ್ದ ಸಿ. ಆರ್. ನಾರಾಯಣರಾಯರು ದಕ್ಷಿಣ ಭಾರತದ ಕಪ್ಪೆಗಳ ಕುರಿತು 1937ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹಳ್ಳದ ಪುಟ್ಟ ಕಪ್ಪೆಯೊಂದಕ್ಕೆ ಈ ಊರಿನ ಹೆಸರನ್ನೇ ಇಟ್ಟರು. ಇಂದು ಅದರ ಪೂರ್ಣ ವೈಜ್ಞಾನಿಕ ಹೆಸರು ಮೈಕ್ರಿಕ್ಸಲಸ್ ಕೊಟ್ಟಿಗೆಹಾರೆನ್ಸಿಸ್. ಇದರಲ್ಲಿ ಮೊದಲ ಪದ ಅದರ ಕುಲವನ್ನು, ಅಂದರೆ ನಿಕಟ ಸಂಬಂಧಿಗಳಾದ ಪ್ರಭೇದಗಳ ಗುಂಪನ್ನು ಸೂಚಿಸಿದರೆ, ಎರಡನೆಯದು ಆ ಗುಂಪಿನೊಳಗೆ ಅದೊಂದನ್ನೇ ಬೇರ್ಪಡಿಸಿ ತೋರಿಸುವ ಪ್ರಭೇದದ ಹೆಸರು.

ಹೆಸರು ದೊರೆತರೂ ಗುರುತು ಬಹುಕಾಲ ಅಸ್ಪಷ್ಟವಾಗಿಯೇ ಉಳಿಯಿತು. ಹೊಸ ಪ್ರಭೇದವೊಂದನ್ನು ವರ್ಣಿಸುವಾಗ ಆಧಾರವಾಗಿ ಇಟ್ಟುಕೊಳ್ಳುವ ಮಾದರಿಯನ್ನು ಶಾಸ್ತ್ರದಲ್ಲಿ ‘ಮೂಲಮಾದರಿ’ ಎನ್ನುತ್ತಾರೆ. ಮುಂದೆ ಸಂದೇಹ ಹುಟ್ಟಿದಾಗಲೆಲ್ಲ ವಿದ್ವಾಂಸರು ಹಿಂದಿರುಗಿ ನೋಡುವುದು ಅದನ್ನೇ. ನಾರಾಯಣರಾಯರು ಕಾಲೇಜಿನಲ್ಲಿ ಕೂಡಿಟ್ಟಿದ್ದ ಮೂಲಮಾದರಿಗಳು ಮುಂದೆ ಕಳೆದುಹೋದದ್ದರಿಂದ ಅವರು ಹೆಸರಿಸಿದ ಹಲವು ಕಪ್ಪೆಗಳು ಯಾವುವೆಂದು ನಿರ್ಧರಿಸುವುದೇ ಕಷ್ಟವಾಯಿತು. ಕರ್ನಾಟಕದ ವಿಜ್ಞಾನದ ಇತಿಹಾಸದಲ್ಲಿ ಇದು ಸಣ್ಣ ನಷ್ಟವಲ್ಲ. ಸಂಗ್ರಹಾಲಯದ ಒಂದು ಗಾಜಿನ ಭರಣಿಯ ಬಗ್ಗೆ ತೋರಿದ ಉದಾಸೀನ ಒಂದು ಜೀವಿಯ ರಕ್ಷಣೆಯನ್ನು ದಶಕಗಳ ಕಾಲ ಹಿಂದಕ್ಕೆ ತಳ್ಳಬಲ್ಲದು; ಏಕೆಂದರೆ ಯಾವುದೆಂದು ತಿಳಿಯದ ಪ್ರಾಣಿಯನ್ನು ಎಣಿಸಲಾಗದು, ಎಣಿಸಲಾಗದ್ದನ್ನು ಉಳಿಸುವ ಯೋಜನೆಯನ್ನೂ ಮಾಡಲಾಗದು. ಕೊಟ್ಟಿಗೆಹಾರದ ಕಪ್ಪೆಯನ್ನೂ ಅದರ ಬಂಧುಗಳನ್ನೂ ಹೊರರೂಪದ ಜೊತೆಗೆ ಡಿಎನ್‌ಎ ಪರೀಕ್ಷೆಯ ನೆರವಿನಿಂದ ಒಟ್ಟಾಗಿ ಪರಿಶೀಲಿಸಿದ ವಿಸ್ತಾರವಾದ ಅಧ್ಯಯನ ಹೊರಬಂದದ್ದು 2014ರಲ್ಲಿ. ದೆಹಲಿ ವಿಶ್ವವಿದ್ಯಾಲಯದ ಎಸ್. ಡಿ. ಬಿಜು ಅವರ ನೇತೃತ್ವದ, ಕರ್ನಾಟಕದ ಕೆ. ವಿ. ಗುರುರಾಜ ಅವರೂ ಭಾಗಿಗಳಾಗಿದ್ದ ಆ ಅಧ್ಯಯನ ಒಮ್ಮೆಗೇ 14 ಹೊಸ ಪ್ರಭೇದಗಳನ್ನು ವರ್ಣಿಸಿ, ಈ ಕುಲದ ಪ್ರಭೇದಗಳ ಸಂಖ್ಯೆಯನ್ನು 24ಕ್ಕೆ ಏರಿಸಿತು.

ಈ 24 ಪ್ರಭೇದಗಳು ಸೇರಿ ಒಂದು ಪ್ರತ್ಯೇಕ ಕುಟುಂಬವೇ ಆಗಿದೆ. ಆ ಕುಟುಂಬದಲ್ಲಿ ಬೇರೆ ಕುಲವಿಲ್ಲ, ಆ ಕುಟುಂಬಕ್ಕೆ ಪಶ್ಚಿಮ ಘಟ್ಟದ ಹೊರಗೆ ಬೇರೆ ನೆಲೆಯೂ ಇಲ್ಲ. ಒಂದು ಪ್ರದೇಶದಲ್ಲಿ ಮಾತ್ರ ಕಾಣಸಿಗುವ ಜೀವಿಯನ್ನು ಆ ನೆಲಕ್ಕೆ ‘ಸೀಮಿತ ಪ್ರಭೇದ’ ಎನ್ನುವುದು ವಾಡಿಕೆ. ಇಲ್ಲಿ ಒಂದು ಪ್ರಭೇದವಲ್ಲ, ಕೋಟ್ಯಂತರ ವರ್ಷಗಳ ಹಿಂದೆಯೇ ಇತರ ಕಪ್ಪೆಗಳಿಂದ ಕವಲೊಡೆದ ಇಡೀ ವಂಶವೇ ಸಹ್ಯಾದ್ರಿಗೆ ಸೀಮಿತವಾಗಿದೆ. ಸಹ್ಯಾದ್ರಿಯ ಹಳ್ಳಗಳಲ್ಲಿ ಅಳಿದರೆ ಈ ವಂಶ ಭೂಮಿಯ ಮೇಲಿಂದಲೇ ಅಳಿದಂತೆ.

ಕುಟುಂಬದ ಎಲ್ಲ ಕಪ್ಪೆಗಳೂ ಚಿಕ್ಕವು. ಉದ್ದ 13 ಮಿಲಿಮೀಟರಿನಿಂದ 35 ಮಿಲಿಮೀಟರಿನವರೆಗೆ ಮಾತ್ರ. ಕಂದುಬಣ್ಣದ ಮೈ ಒದ್ದೆ ಬಂಡೆಗೂ ಕೊಳೆತ ತರಗೆಲೆಗೂ ಎಷ್ಟು ಹೊಂದಿಕೊಳ್ಳುತ್ತದೆಂದರೆ, ಅದು ಅಲುಗುವವರೆಗೆ ಕಣ್ಣಿಗೆ ಬೀಳುವುದಿಲ್ಲ. ಅಲುಗಿದಾಗ ಮಾತ್ರ ‘ಕುಣಿಯುವ ಕಪ್ಪೆ’ ಎಂಬ ಹೆಸರಿಗೆ ಕಾರಣವಾದ ವಿಶೇಷ ಗೋಚರವಾಗುತ್ತದೆ. ಹಳ್ಳದ ನಡುವಿನ ಒದ್ದೆ ಕಲ್ಲಿನ ಮೇಲೆ ಕುಳಿತ ಗಂಡು ಕಪ್ಪೆ ಮೊದಲು ಗಂಟಲ ಕೆಳಗಿನ ಬಿಳಿಯ ಧ್ವನಿಚೀಲವನ್ನು ಉಬ್ಬಿಸಿ ಕೂಗುತ್ತದೆ, ಹಿಂಗಾಲನ್ನು ಕಲ್ಲಿಗೆ ತಟ್ಟುತ್ತದೆ, ಬಳಿಕ ಆ ಕಾಲನ್ನು ಹಿಂದಕ್ಕೆ ನೀಳವಾಗಿ ಚಾಚಿ, ಬೆರಳುಗಳ ನಡುವಿನ ಜಾಲಪೊರೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವಂತೆ ಗಾಳಿಯಲ್ಲಿ ಕಮಾನಿನಾಕಾರದಲ್ಲಿ ಬೀಸಿ ಮತ್ತೆ ಮಡಿಚಿಕೊಳ್ಳುತ್ತದೆ. ಇದನ್ನು ಕುಣಿತವೆಂದು ಕರೆದರೂ ಇದು ಮುಖ್ಯವಾಗಿ ಗಡಿಯ ಎಚ್ಚರಿಕೆ. ತನ್ನ ಕಲ್ಲಿನ ಸಮೀಪಕ್ಕೆ ಬಂದ ಇನ್ನೊಂದು ಗಂಡಿಗೆ ‘ಈ ಸ್ಥಳ ನನ್ನದು’ ಎಂದು ತೋರಿಸುವ ಸಂಜ್ಞೆ ಅದು. ಎದುರಾಳಿ ಸಂಜ್ಞೆಗೆ ಬಗ್ಗದಿದ್ದರೆ ಅದೇ ಕಾಲಿನಿಂದ ಒದೆಯುವುದೂ ಉಂಟು.

ಕೂಗಬಲ್ಲ ಪ್ರಾಣಿಗೆ ಕಾಲಿನ ಸಂಜ್ಞೆಯ ಅಗತ್ಯವೇಕೆ ಎಂಬ ಪ್ರಶ್ನೆಗೆ ಹಳ್ಳವೇ ಉತ್ತರ. ಬಂಡೆಗಳ ನಡುವೆ ಧುಮುಕುವ ನೀರಿನ ಮೊರೆತದಲ್ಲಿ ಇಷ್ಟು ಚಿಕ್ಕ ದೇಹದ ದನಿ ಅಡಗಿಹೋಗುವ ಸಂಭವವಿರುವುದರಿಂದ, ಕಿವಿಗೆ ತಲುಪದ ಸುದ್ದಿಯನ್ನು ಕಣ್ಣಿಗೆ ತಲುಪಿಸುವ ಉಪಾಯವಾಗಿ ಈ ವರ್ತನೆ ವಿಕಾಸಗೊಂಡಿರಬೇಕೆಂದು ವಿಜ್ಞಾನಿಗಳು ತಿಳಿಯುತ್ತಾರೆ. ಬೋರ್ನಿಯೊ ದ್ವೀಪದ ತೊರೆಗಳಲ್ಲಿಯೂ ಬ್ರೆಜಿಲ್ ದೇಶದ ಮಳೆಕಾಡಿನ ತೊರೆಗಳಲ್ಲಿಯೂ, ಈ ಕುಟುಂಬದೊಂದಿಗೆ ಹತ್ತಿರದ ನಂಟಿಲ್ಲದ ಕಪ್ಪೆಗಳು ಇದೇ ರೀತಿ ಕಾಲು ಬೀಸುತ್ತವೆ ಎಂಬುದು ಈ ವಿವರಣೆಗೆ ಬಲ ಕೊಡುತ್ತದೆ. ಒಂದೇ ಬಗೆಯ ಪರಿಸರದ ಒತ್ತಡಕ್ಕೆ ಬೇರೆ ಬೇರೆ ವಂಶಗಳು ಒಂದೇ ಬಗೆಯ ಪರಿಹಾರ ಕಂಡುಕೊಳ್ಳುವ ಇಂಥ ಪ್ರಕ್ರಿಯೆಗೆ ‘ಸಮಾಭಿಮುಖ ವಿಕಾಸ’ ಎಂದು ಹೆಸರು. ಕರ್ನಾಟಕದಲ್ಲಿ ಈ ವರ್ತನೆಯ ಅಧ್ಯಯನ ನಡೆದ ಮುಖ್ಯ ಸ್ಥಳಗಳಲ್ಲೊಂದು ಸಿದ್ದಾಪುರ ತಾಲೂಕಿನ ಕತ್ತಲೆಕಾನು; ಹಗಲಿನಲ್ಲೂ ಬಿಸಿಲು ನೆಲ ಮುಟ್ಟದ ನಿತ್ಯಹರಿದ್ವರ್ಣದ ಕಾಡಿಗೆ ಜನ ಇಟ್ಟ ಹೆಸರು ಅದು.

ಕುಣಿತಕ್ಕಿಂತಲೂ ಸಂರಕ್ಷಣೆಯ ದೃಷ್ಟಿಯಿಂದ ಮುಖ್ಯವಾದದ್ದು ಈ ಕಪ್ಪೆಯ ಸಂತಾನಕ್ರಮ. ಗದ್ದೆಯ ಕಪ್ಪೆಗಳು ಮೃಗಶಿರೆ, ಆರಿದ್ರೆಯ ಮೊದಲ ಮಳೆಗಳಿಗೇ ವಟಗುಟ್ಟಿ ನಿಂತ ನೀರಿನಲ್ಲಿ ಮೊಟ್ಟೆಯಿಟ್ಟರೆ, ಹಳ್ಳದ ಈ ಕಪ್ಪೆ ಹಾಗೆ ಮಾಡಲಾರದು. ಆ ದಿನಗಳಲ್ಲಿ ಕೆಂಪಾಗಿ ಉಕ್ಕುವ ಹಳ್ಳ ಮೊಟ್ಟೆಯನ್ನೂ ಮರಿಯನ್ನೂ ಕಲ್ಲಿನೊಡನೆ ಉರುಳಿಸಿಕೊಂಡು ಹೋಗುತ್ತದೆ. ಆದ್ದರಿಂದ ಅದು ಮಳೆಗಾಲದ ಆರ್ಭಟ ಇಳಿಯುವವರೆಗೆ ಕಾಯುತ್ತದೆ. ಹಸ್ತ, ಚಿತ್ತೆ, ಸ್ವಾತಿಯ ಹೊತ್ತಿಗೆ ನೀರು ತಿಳಿಯಾಗಿ, ಕಲ್ಲುಗಳು ತಲೆಯೆತ್ತಿ, ಅಂಚಿನಲ್ಲಿ ಮರಳು ಹಾಗೂ ಸಣ್ಣ ಹರಳುಕಲ್ಲಿನ ಹಾಸು ನೆಲೆನಿಂತಾಗ ಅದರ ಕಾಲ ಬರುತ್ತದೆ. ಗುರುರಾಜ ಅವರು 2010ರಲ್ಲಿ ವರ್ಣಿಸಿದಂತೆ, ಹೆಣ್ಣು ಆಳವಿಲ್ಲದ ನೀರಿನ ತಳದಲ್ಲಿ ಹಿಂಗಾಲುಗಳಿಂದ ಕುಳಿ ತೋಡಿ, ಅದರಲ್ಲಿ ಮೊಟ್ಟೆಯಿಟ್ಟು, ಮತ್ತೆ ಹರಳುಗಳಿಂದ ಅದನ್ನು ಮುಚ್ಚುತ್ತದೆ.

ಮೊಟ್ಟೆಯೊಡೆದು ಬರುವ ಗೊದಮೊಟ್ಟೆಗಳು ಎಲ್ಲಿರುತ್ತವೆ ಎಂಬುದು ಬಹಳ ವರ್ಷ ಒಗಟಾಗಿತ್ತು; ಹಳ್ಳದ ನೀರನ್ನು ಎಷ್ಟು ಜಾಲಿಸಿದರೂ ಅವು ಸಿಗುತ್ತಿರಲಿಲ್ಲ. ಇದೇ ಕುಲದ, ಕೇರಳದ ಒಂದು ಪ್ರಭೇದವನ್ನು ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನ ಆ ಒಗಟನ್ನು ಬಿಡಿಸಿತು: ಗೊದಮೊಟ್ಟೆಗಳು ಇರುವುದು ನೀರಿನಲ್ಲಲ್ಲ, ಹಳ್ಳದ ತಳದ ಮರಳಿನೊಳಗೆ. ಹಾವುಮೀನಿನಂತೆ ನೀಳವಾದ ದೇಹ, ಮರಳನ್ನು ಸೀಳಿಕೊಂಡು ಸಾಗಲು ಬಲವಾದ ಬಾಲ, ಚರ್ಮದ ಪೊರೆಯಿಂದ ಮುಚ್ಚಿದ ಕಣ್ಣುಗಳು, ದೊಡ್ಡ ಮರಳ ಕಣಗಳು ಬಾಯಿಗೆ ನುಗ್ಗದಂತೆ ತಡೆಯಬಲ್ಲ ಗರಗಸದಂಥ ದವಡೆಯಂಚು ಇವೆಲ್ಲವೂ ಕತ್ತಲಿನ ಆ ಬದುಕಿಗೆ ಒಪ್ಪುವಂಥವು. ಗೊದಮೊಟ್ಟೆಗಳಲ್ಲಿ ಅಪರೂಪವಾದ ಪಕ್ಕೆಲುಬುಗಳೂ ಅವಕ್ಕಿವೆ. ಮರಳನ್ನೇ ನುಂಗಿ, ಅದರೊಡನೆ ಬೆರೆತ ಎಲೆಯ ಕೊಳೆ ಮತ್ತಿತರ ಜೈವಿಕ ಕಣಗಳಿಂದ ಅವು ಪೋಷಣೆ ಪಡೆಯುತ್ತವೆ. ಮೇಲಿನ ಮರಗಳು ಉದುರಿಸಿದ ಎಲೆ ಹಳ್ಳಕ್ಕೆ ಬಿದ್ದು, ಕೊಳೆತು, ಮರಳಿನಲ್ಲಿ ಸೇರಿ ಕಪ್ಪೆಯಾಗುವ ಈ ಪರಿವರ್ತನೆ, ಕಾಡನ್ನೂ ಹಳ್ಳವನ್ನೂ ಎರಡು ಬೇರೆ ವಸ್ತುಗಳೆಂದು ಎಣಿಸುವ ಆಡಳಿತದ ರೂಢಿ ಎಷ್ಟು ತಪ್ಪೆಂದು ತೋರಿಸುತ್ತದೆ.

ಈ ಜೀವನಕ್ರಮವನ್ನು ಗಮನದಲ್ಲಿಟ್ಟು ನೋಡಿದರೆ ಕಪ್ಪೆಗೆ ಒದಗಿರುವ ಅಪಾಯದ ಸ್ವರೂಪ ಸ್ಪಷ್ಟವಾಗುತ್ತದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿ, ಅಂದರೆ ಅಳಿವಿನ ಅಂಚಿನ ಹಂತಗಳಿಗೆ ಅನುಸಾರವಾಗಿ ಜೀವಿಗಳನ್ನು ವರ್ಗೀಕರಿಸುವ ದಾಖಲೆ, 2004ರ ಮೌಲ್ಯಮಾಪನದಲ್ಲಿ ಕೊಟ್ಟಿಗೆಹಾರದ ಕಪ್ಪೆಯನ್ನು ‘ತೀವ್ರ ಅಪಾಯದಲ್ಲಿರುವ’ ಪ್ರಭೇದವೆಂದು ಗುರುತಿಸಿತು. ಸಂಪೂರ್ಣ ಅಳಿವಿಗೆ ಸಮೀಪದ ಹಂತ ಅದು. 2023ರಲ್ಲಿ ಪ್ರಕಟವಾದ ಜಾಗತಿಕ ವಿಶ್ಲೇಷಣೆಯೊಂದು 8,011 ಉಭಯವಾಸಿ ಪ್ರಭೇದಗಳನ್ನು ಪರಿಶೀಲಿಸಿ, ಅವುಗಳಲ್ಲಿ ನೂರಕ್ಕೆ ಸುಮಾರು 41ರಷ್ಟು ಅಪಾಯದಲ್ಲಿವೆ ಎಂದು ಹೇಳಿತು. ಅದೇ ವರ್ಷದ ವರದಿಗಳ ಪ್ರಕಾರ ಕುಣಿಯುವ ಕಪ್ಪೆಗಳದ್ದು ಜಗತ್ತಿನ ಅತ್ಯಂತ ಅಪಾಯಗ್ರಸ್ತ ಉಭಯವಾಸಿ ಕುಲಗಳಲ್ಲಿ ಐದನೆಯ ಸ್ಥಾನ. 24ರಲ್ಲಿ 2 ಪ್ರಭೇದಗಳು ತೀವ್ರ ಅಪಾಯದಲ್ಲಿಯೂ 15 ಅಪಾಯದಲ್ಲಿಯೂ ಇವೆ.

ಮೊದಲ ಅಪಾಯ ನೆರಳಿನ ನಾಶ. ಕಪ್ಪೆಯ ತೆಳುವಾದ ಒದ್ದೆ ಚರ್ಮ ಉಸಿರಾಟದ ಅಂಗವೂ ಆಗಿರುವುದರಿಂದ ಅದಕ್ಕೆ ತಂಪೂ ತೇವವೂ ಬೇಕು. ಹಳ್ಳದ ಎರಡೂ ದಂಡೆಯ ಮರಗಳು ಉರುಳಿದ ದಿನದಿಂದ ನೀರಿನ ಉಷ್ಣತೆ ಏರುತ್ತದೆ, ಎಲೆಯ ಗೊಬ್ಬರ ನಿಲ್ಲುತ್ತದೆ, ದಂಡೆಯ ಮಣ್ಣು ಸಡಿಲವಾಗುತ್ತದೆ. ಎರಡನೆಯದು, ಬಹುಶಃ ಹೆಚ್ಚು ಘೋರವಾದದ್ದು, ಹೂಳು. ಹರಳುಗಳ ನಡುವಿನ ಸಂದುಗಳಲ್ಲಿ ನೀರು ಹಾಯುತ್ತಿದ್ದರೆ ಮಾತ್ರ ಹೂತಿಟ್ಟ ಮೊಟ್ಟೆಗೆ ಆಮ್ಲಜನಕ ದೊರೆಯುತ್ತದೆ. ರಸ್ತೆ ಅಗಲ ಮಾಡಲು ಕಡಿದ ಗುಡ್ಡದಿಂದಲೋ ಯಂತ್ರದಿಂದ ಸಮತಟ್ಟು ಮಾಡಿದ ಇಳಿಜಾರಿನಿಂದಲೋ ಜಾರಿಬಂದ ನುಣುಪು ಮಣ್ಣು ಆ ಸಂದುಗಳನ್ನು ತುಂಬಿದರೆ ಮೊಟ್ಟೆಗೆ ಉಸಿರುಗಟ್ಟುತ್ತದೆ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆಯಿಂದ ಭದ್ರಾ ನದಿಗೆ ಸೇರುತ್ತಿದ್ದ ಹೂಳು ಒಂದು ಕಾಲದಲ್ಲಿ ರಾಜ್ಯದಾದ್ಯಂತ ಚರ್ಚೆಯಾಯಿತು, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಹೆಸರಿಲ್ಲದ ನೂರಾರು ಹಳ್ಳಗಳಿಗೆ ದಿನವೂ ಜಾರುವ ಮಣ್ಣಿನ ಬಗ್ಗೆ ಅಂಥ ಚರ್ಚೆ ನಡೆದದ್ದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿಯೂ 2019ರ ಆಗಸ್ಟಿನಲ್ಲಿ ಚಾರ್ಮಾಡಿ ಮತ್ತು ಮೂಡಿಗೆರೆಯ ಸುತ್ತಲೂ ಗುಡ್ಡಗಳು ಕುಸಿದಾಗ ಮನೆ, ತೋಟ, ರಸ್ತೆಗಳ ನಷ್ಟವನ್ನು ಲೆಕ್ಕ ಹಾಕಲಾಯಿತು. ಹಳ್ಳದ ತಳ ಆ ಲೆಕ್ಕದಲ್ಲಿ ಬರಲಿಲ್ಲ.

ನೀರಿನ ಹರಿವನ್ನೇ ಬದಲಿಸುವ ಕೆಲಸಗಳು ಮೂರನೆಯ ಬಗೆಯ ಅಪಾಯ. ಸಣ್ಣ ಕಟ್ಟ ಕಟ್ಟಿದರೂ ಹರಿವ ನೀರು ನಿಂತ ನೀರಾಗಿ, ಮರಳಿನ ಹಾಸು ಕೆಸರಾಗುತ್ತದೆ. ಪಂಪು ಹಚ್ಚಿ ಹಳ್ಳವನ್ನು ಬತ್ತಿಸಿದರೆ, ಮರಳಿನಲ್ಲಿ ಅಡಗಿದ ಗೊದಮೊಟ್ಟೆಗೆ ಓಡಿಹೋಗುವ ದಾರಿಯೇ ಇರುವುದಿಲ್ಲ. ಇದೇ ಘಟ್ಟಸಾಲಿನ ಸಕಲೇಶಪುರ ತಾಲೂಕಿನಲ್ಲಿ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ ಮೊದಲಾದ ತೊರೆಗಳಿಂದ ಒಟ್ಟು 24.01 ಟಿಎಂಸಿ ನೀರನ್ನು ಬಯಲುಸೀಮೆಗೆ ತಿರುಗಿಸುವ ಯೋಜನೆ ನೀರೆತ್ತಲು ಆರಿಸಿಕೊಂಡಿರುವ ಅವಧಿ ಜೂನ್‌ನಿಂದ ನವೆಂಬರ್‌ವರೆಗಿನದು. ಬಯಲಿನ ಬಾಯಾರಿಕೆ ನಿಜವಾದದ್ದು, ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಈ ಕಪ್ಪೆಗಳ ಸಂತಾನಕಾಲ ಆರಂಭವಾಗುವುದು ಆ ಅವಧಿಯ ಕೊನೆಯ ತಿಂಗಳುಗಳಲ್ಲಿ ಎಂಬ ಸಂಗತಿ ಯೋಜಕರ ಮುಂದೆ ಇರಲೇಬೇಕಾಗಿತ್ತು. ‘ಹೆಚ್ಚುವರಿ ನೀರು’ ಎಂಬ ಮಾತು ಹಳ್ಳದೊಳಗಿನ ಜೀವಿಗಳನ್ನು ಕೇಳಿ ಹುಟ್ಟಿದ ಮಾತಲ್ಲ.

ತೋಟದ ಔಷಧಿಗಳ ವಿಷಯ ಸೂಕ್ಷ್ಮವಾದದ್ದು. ಅಡಿಕೆಯ ಕೊಳೆರೋಗಕ್ಕೂ ಕಾಫಿ, ಕಾಳುಮೆಣಸಿನ ರೋಗಗಳಿಗೂ ಮಲೆನಾಡಿನಲ್ಲಿ ಸಿಂಪಡಿಸುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ. ಮೈಲುತುತ್ತದಲ್ಲಿರುವ ತಾಮ್ರ ಗೊದಮೊಟ್ಟೆಗಳಿಗೂ ಇತರ ಜಲಚರಗಳಿಗೂ ವಿಷ. ಕೊಳೆಗೆ ಫಸಲು ಕಳೆದುಕೊಳ್ಳುವ ಬೆಳೆಗಾರನಿಗೆ ಸಿಂಪಡಣೆ ಬಿಡು ಎನ್ನುವುದು ಸಾಧ್ಯವಿಲ್ಲ. ದ್ರಾವಣ ಬೆರೆಸುವ ಡ್ರಮ್ಮನ್ನು ಹಳ್ಳದಿಂದ ದೂರ ಇಡುವುದು, ಉಳಿದ ದ್ರಾವಣವನ್ನು ಹರಿವ ನೀರಿಗೆ ಚೆಲ್ಲದಿರುವುದು, ಸಿಂಪಡಣೆಯ ಉಪಕರಣಗಳನ್ನು ಹಳ್ಳದಲ್ಲಿ ತೊಳೆಯದಿರುವುದು ಮಾತ್ರ ಯಾರಿಗೂ ಅಸಾಧ್ಯವಲ್ಲ. ಸೊಳ್ಳೆ ನಿಯಂತ್ರಣಕ್ಕೆಂದು ಬಿಡುವ ವಿದೇಶಿ ಗ್ಯಾಂಬೂಸಿಯಾ ಮೀನು, ಸಾಕಣೆಯ ಕೊಳಗಳಿಂದ ತಪ್ಪಿಸಿಕೊಳ್ಳುವ ಆಫ್ರಿಕದ ಕ್ಯಾಟ್‌ಫಿಶ್ ಇವೂ ಕುಣಿಯುವ ಕಪ್ಪೆಗಳಿಗೆ ಕಂಟಕವೆಂದು ತಜ್ಞರು ಹೆಸರಿಸಿದ್ದಾರೆ.

ಜಗತ್ತಿನ ಇತರ ಕಡೆಗಳಲ್ಲಿ ಮಳೆಕಾಡಿನ ತೊರೆಗಪ್ಪೆಗಳನ್ನು ಮುಖ್ಯವಾಗಿ ಅಳಿಸಿದ್ದು ಕೈಟ್ರಿಡ್ ಎಂಬ ಶಿಲೀಂಧ್ರ. ಕಪ್ಪೆಯ ಚರ್ಮಕ್ಕೆ ತಗಲಿ, ದೇಹದ ಲವಣಗಳ ಸಮತೋಲವನ್ನು ಕೆಡಿಸಿ ಕೊಲ್ಲುವ ಈ ಸೋಂಕಿನಿಂದ ಕನಿಷ್ಠ 501 ಪ್ರಭೇದಗಳ ಸಂಖ್ಯೆ ಕುಸಿದಿದೆ, 90 ಪ್ರಭೇದಗಳು ಅಳಿದಿವೆಯೆಂದು 2019ರ ಒಂದು ಅಂದಾಜು ಹೇಳುತ್ತದೆ. ಆಸ್ಟ್ರೇಲಿಯಾ ಮತ್ತು ಮಧ್ಯ ಅಮೆರಿಕದ ತೊರೆಗಳು ಅದರ ಮುಖ್ಯ ಬಲಿಗಳು. ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿಯೂ ಇದು ಇರುವುದು 2011ರಲ್ಲಿ ವರದಿಯಾಗಿದೆಯಾದರೂ ಅಂಥ ಸಾಮೂಹಿಕ ಸಾವು ಇಲ್ಲಿ ದಾಖಲಾಗಿಲ್ಲ. ಈ ಭಾಗ್ಯದ ಅರ್ಥ ಗಮನಿಸತಕ್ಕದ್ದು: ಅಲ್ಲಿನ ಸಂರಕ್ಷಕರು ತಡೆಯಲಾಗದ ಒಂದು ರೋಗದೊಡನೆ ಹೋರಾಡುತ್ತಿದ್ದಾರೆ, ಇಲ್ಲಿಯ ಕಪ್ಪೆಗಳ ಮುಂದಿರುವ ಅಪಾಯಗಳಲ್ಲಿ ಹೆಚ್ಚಿನವು ಮನುಷ್ಯ ಮನಸ್ಸು ಮಾಡಿದರೆ ನಿಲ್ಲಿಸಬಹುದಾದ ಕೆಲಸಗಳಿಂದ ಬಂದವು.

ರಕ್ಷಣೆಯ ಕ್ರಮಗಳಲ್ಲಿ ಅಭಯಾರಣ್ಯಗಳಿಗೆ ಮೊದಲ ಸ್ಥಾನ ಇರುವುದು ಸಹಜ. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಕುದುರೆಮುಖ, ಸೋಮೇಶ್ವರ, ಆಗುಂಬೆಗಳೂ ಸೇರಿವೆ. ಕತ್ತಲೆಕಾನಿನ ಸುತ್ತಣ ಕಾಡು ಸಿಂಗಳೀಕದ ಹೆಸರಿನ ರಕ್ಷಣೆಯಲ್ಲಿದೆ. ಸಿಂಗಳೀಕಕ್ಕೆ ದೊರೆತ ರಕ್ಷಣೆ ರಾಮಪತ್ರೆ ಜಡ್ಡಿಗಳಿಗೂ, ಅಂದರೆ ಕಾಡುಜಾಯಿಕಾಯಿಯ ಜಾತಿಯ ಮರಗಳು ಬೇರುಗಳನ್ನು ನೀರಿನ ಮೇಲೆ ಕಮಾನಿನಂತೆ ಎತ್ತಿ ನಿಂತ ಜೌಗುಕಾಡುಗಳಿಗೂ, ಅಲ್ಲಿನ ಕಪ್ಪೆಗಳಿಗೂ ಒದಗಿಬಂದಿದೆ. ಮೊಟ್ಟೆಗಳಿಗೆ ಮುಂಗೈಗಳಿಂದ ಕೆಸರು ಮೆತ್ತುವ, ಆದ್ದರಿಂದಲೇ 2014ರಲ್ಲಿ ‘ಕುಂಬಾರ’ ಎಂಬ ಕನ್ನಡದ ಹೆಸರನ್ನು ಪಡೆದ ಇರುಳುಗಪ್ಪೆಯೂ ಅದೇ ಕಾಡಿನ ಹಳ್ಳಗಳದ್ದು.

ಹೀಗಿದ್ದರೂ ಅಭಯಾರಣ್ಯದ ಗಡಿಗಲ್ಲು ಹಳ್ಳಕ್ಕೆ ಸಾಲದು. ಹಳ್ಳ ಹುಟ್ಟುವುದು ಒಬ್ಬರ ಕಾನಿನಲ್ಲಿ, ಹರಿಯುವುದು ಇನ್ನೊಬ್ಬರ ತೋಟದಲ್ಲಿ, ಸೇರುವುದು ಮತ್ತೊಂದು ಪಂಚಾಯಿತಿಯ ಹೊಳೆಗೆ. ಕಾನು ಎಂದರೆ ಮಲೆನಾಡಿನ ಹಳ್ಳಿಗಳು ನೀರಿನ ಮೂಲವೆಂದೂ ದೇವರ ನೆಲೆಯೆಂದೂ ಕೊಡಲಿ ತಾಗಿಸದೆ ಉಳಿಸಿಕೊಂಡು ಬಂದ ನಿತ್ಯಹರಿದ್ವರ್ಣದ ಕಾಡು. ಸೊರಬ ಸೀಮೆಯ ಕಾನುಗಳ ಬಗ್ಗೆ 1868ರಷ್ಟು ಹಿಂದೆಯೇ ಬ್ರಿಟಿಷ್ ಅಧಿಕಾರಿಗಳು ವರದಿ ಬರೆದಿದ್ದರು. ಶರಾವತಿಯ ಜಲಾನಯನದಲ್ಲಿ ನಡೆದ ಅಧ್ಯಯನಗಳು ಹಳ್ಳಿಗರ ಆ ತಿಳಿವಳಿಕೆಯನ್ನೇ ಸಮರ್ಥಿಸಿವೆ: ನೆತ್ತಿಯಲ್ಲಿ ಸಹಜ ಕಾಡು ಉಳಿದ ಹಳ್ಳ ವರ್ಷವಿಡೀ ಹರಿಯುತ್ತದೆ, ಕಾಡು ಕಳೆದುಕೊಂಡ ಅಥವಾ ಏಕಜಾತಿಯ ನೆಡುತೋಪಾಗಿ ಬದಲಾದ ನೆತ್ತಿಯ ಹಳ್ಳ ಮಳೆಗಾಲ ಮುಗಿದ ಕೆಲವು ತಿಂಗಳಲ್ಲೇ ಬತ್ತುತ್ತದೆ, ಘಟ್ಟಕ್ಕೆ ಸೀಮಿತವಾದ ಕಪ್ಪೆಗಳ ವೈವಿಧ್ಯವೂ ಮೊದಲ ಬಗೆಯ ಹಳ್ಳಗಳಲ್ಲಿಯೇ ಹೆಚ್ಚು. ಕಪ್ಪೆಯನ್ನು ಉಳಿಸುವ ಹರಿವೂ ಮಾಘ, ಫಾಲ್ಗುಣದಲ್ಲಿ ಅಡಿಕೆ ತೋಟವನ್ನು ಉಳಿಸುವ ಹರಿವೂ ಒಂದೇ ಆಗಿರುವುದರಿಂದ, ಕೃಷಿಕನ ಹಿತವನ್ನೂ ಕಪ್ಪೆಯ ಹಿತವನ್ನೂ ಎದುರುಬದುರಾಗಿ ನಿಲ್ಲಿಸುವ ವಾದಕ್ಕೆ ಇಲ್ಲಿ ಆಧಾರವಿಲ್ಲ.

ಮೃಗಾಲಯದಲ್ಲಿ ಸಾಕಿ ವಂಶ ಉಳಿಸುವ ಮಾರ್ಗವನ್ನು ಕೆಲವರು ಸೂಚಿಸುತ್ತಾರೆ. ಬೋರ್ನಿಯೊದ ಕಾಲು ಬೀಸುವ ಕಪ್ಪೆಗಳನ್ನು ವಿಯೆನ್ನಾದ ಮೃಗಾಲಯ ಸಾಕಿ ಮರಿಮಾಡಿಸಿದ್ದೂ ಇದೆ. ಆದರೆ ಬಿಟ್ಟುಬರಲು ಹಳ್ಳವೇ ಇಲ್ಲದಿದ್ದರೆ ಸಾಕಿದ ಕಪ್ಪೆಯಿಂದ ಪ್ರಯೋಜನವಿಲ್ಲ.

ಕಾನೂನಿನಲ್ಲಿ ಸಣ್ಣ ಹಳ್ಳಗಳಿಗೂ ಒಂದು ಬಾಗಿಲು ತೆರೆದೇ ಇದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದೂ, ಆ ಊರಿನ ಜೀವಿಗಳನ್ನೂ ಅವುಗಳ ನೆಲೆಗಳನ್ನೂ ಕುರಿತ ಜನತಾ ದಾಖಲಾತಿ ಸಿದ್ಧವಾಗಬೇಕೆಂದೂ ವಿಧಿಸುತ್ತದೆ. ಮಹತ್ವದ ನೆಲೆಗಳನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಚಿಕ್ಕಮಗಳೂರು ಜಿಲ್ಲೆಯ ಹೊಗರೇಕಾನು, ಶಿವಮೊಗ್ಗ ಜಿಲ್ಲೆಯ ಅಂಬರಗುಡ್ಡ ಆ ಮನ್ನಣೆಯನ್ನು ಈಗಾಗಲೇ ಪಡೆದಿವೆ. ಮಲೆನಾಡಿನ ಪಂಚಾಯಿತಿಗಳ ದಾಖಲಾತಿಯಲ್ಲಿ ಮರ, ಗಿಡ, ಔಷಧಿಯ ಬೇರುಗಳ ಹೆಸರು ತುಂಬಿರುತ್ತವೆ. ಹಳ್ಳಗಳೂ ಕಪ್ಪೆಗಳೂ ವಿರಳ. ಬರುವ ಹಸ್ತ, ಚಿತ್ತೆಯ ದಿನಗಳಲ್ಲಿ ಊರಿನ ಶಾಲೆಯ ಮಕ್ಕಳನ್ನೂ ಹಿರಿಯರನ್ನೂ ಕೂಡಿಸಿಕೊಂಡು ಸಮಿತಿಯವರು ಹಳ್ಳದ ದಂಡೆಯಲ್ಲಿ ಅರ್ಧ ದಿನ ಕಳೆಯಲಿ, ನೀರಿಗೆ ಇಳಿದು ಮರಳನ್ನು ಕದಡದೆ ದೂರದಿಂದಲೇ ನೋಡಲಿ, ಒದ್ದೆ ಕಲ್ಲಿನ ಮೇಲೆ ಬಿಳಿಯ ಗಂಟಲು ಉಬ್ಬಿಸಿ ಕಾಲು ಬೀಸುವ ಕಪ್ಪೆ ಕಂಡರೆ ಆ ಹಳ್ಳದ ಹೆಸರನ್ನು, ಅದು ಹುಟ್ಟುವ ಕಾನಿನ ಹೆಸರಿನೊಡನೆ, ದಾಖಲಾತಿಯಲ್ಲಿ ಬರೆದಿಡಲಿ.